ಕಡಿಮೆ ಓಡಿದ ಕಾರು, ವಯಸ್ಸಾದ ಬ್ರೇಕ್ ಹೋಸ್

ಹಳೆ ಕಾರು ಕೊಳ್ಳುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕಿಲೋಮೀಟರ್ ಓಡಿದೆ? ಮೀಟರ್‌ನಲ್ಲಿ ಅಂಕಿ ಕಡಿಮೆ ಇದ್ದರೆ ಖುಷಿ. ಕ್ಲಚ್, ಬ್ರೇಕ್ ಪ್ಯಾಡ್ ವಿಷಯದಲ್ಲಿ ಆ ಲೆಕ್ಕ ಸರಿ. ಆದರೆ ಕೆಲವು ಭಾಗಗಳು ಓಡಿದ್ದಕ್ಕೆ ಹಾಳಾಗುವುದಿಲ್ಲ, ವರ್ಷ ಕಳೆದದ್ದಕ್ಕೆ ಹಾಳಾಗುತ್ತವೆ. ಕಾರು ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಅವುಗಳಿಗೆ ವಯಸ್ಸಾಗುತ್ತಲೇ ಇರುತ್ತದೆ. ಅಂಥವುಗಳಲ್ಲಿ ಜೀವಕ್ಕೇ ಸಂಬಂಧಪಟ್ಟದ್ದು, ಆದರೂ ಯಾರೂ ಬಗ್ಗಿ ನೋಡದೇ ಇರುವುದು ಬ್ರೇಕ್ ಹೋಸ್, ಅಂದರೆ ಚಕ್ರದ ಬ್ರೇಕ್‌ಗೆ ಆಯಿಲ್ ಒಯ್ಯುವ ಸಣ್ಣ ರಬ್ಬರ್ ಕೊಳವೆ.

ನಮ್ಮ ಅಪ್ಪಯ್ಯನ ಕಾರು 2008ರ ವ್ಯಾಗನ್ ಆರ್. ಮನೆ ಇರುವುದು ಕೊಪ್ಪದ ಹತ್ತಿರ. ಪೇಟೆಗೆ, ಶೃಂಗೇರಿಗೆ, ನೆಂಟರ ಮನೆಯ ಮದುವೆಗೆ, ಆಗಾಗ ಮಣಿಪಾಲದ ಆಸ್ಪತ್ರೆಗೆ, ಅಷ್ಟೇ ಅದರ ಓಡಾಟ. 15 ವರ್ಷ ತುಂಬಿದ ಮೇಲೆ ಆರ್‌ಸಿಯನ್ನು ಮತ್ತೆ 5 ವರ್ಷಕ್ಕೆ ಮಾಡಿಸಿದ್ದೇವೆ. ಎಂಜಿನ್ ಇವತ್ತಿಗೂ ಚೆನ್ನಾಗಿದೆ. ನಾನು ಬೆಂಗಳೂರಿನಲ್ಲಿರುತ್ತೇನೆ. ಊರಿಗೆ ಹೋದಾಗ ಕಾರಿನ ಕೆಲಸ ನನ್ನ ಪಾಲಿಗೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪಯ್ಯನನ್ನು ತಪಾಸಣೆಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ನಮಗೆ ಮಣಿಪಾಲ ಎಂದರೆ ಆಗುಂಬೆ ಘಾಟಿ. ಹೇರ್‌ಪಿನ್ ತಿರುವುಗಳೇ 14. ಎರಡನೇ ಗೇರ್‌ನಲ್ಲೇ ಇಳಿದೆ, ಬ್ರೇಕ್ ಬೇಕಾದಾಗ ಮಾತ್ರ ಒತ್ತಿದೆ. ಆದರೂ ಕೆಳಗೆ ಸೋಮೇಶ್ವರ ಬರುವಷ್ಟರಲ್ಲಿ ಸುಟ್ಟ ವಾಸನೆ. ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಹಿಂಗೈ ಹಿಡಿದು ನೋಡಿದೆ. ಮುಂದಿನ ಎಡಚಕ್ರದ ಹತ್ತಿರ ಕೈ ಇಡಲಾಗುತ್ತಿರಲಿಲ್ಲ. ಬಲಚಕ್ರ ಬರೀ ಬೆಚ್ಚಗಿತ್ತು.

"ಘಾಟಿ ಇಳಿದ್ರೆ ಬ್ರೇಕ್ ಬಿಸಿ ಆಗ್ದೆ ಇರ್ತದಾ ಮಗಾ?" ಅಂದರು ಅಪ್ಪಯ್ಯ.

ಬಿಸಿ ಆಗುತ್ತದೆ, ಆಗಲೇಬೇಕು. ಆದರೆ ಮುಂದಿನ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ತರಹ ಬಿಸಿಯಾಗಬೇಕು. ಒಂದು ಸುಡುತ್ತಿದ್ದು ಇನ್ನೊಂದು ಬೆಚ್ಚಗಿದೆ ಎಂದರೆ ಅದು ಘಾಟಿಯಿಂದ ಆದದ್ದಲ್ಲ. ಹೆಬ್ರಿ ಕಡೆಯ ನೇರ ರಸ್ತೆಗೆ ಬಂದ ಮೇಲೆ, ಬ್ರೇಕ್‌ನಿಂದ ಕಾಲು ತೆಗೆದಿದ್ದರೂ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಸರಿಹೋಯಿತು. ಮತ್ತೆ ಒಂದು ಸಲ ಜೋರಾಗಿ ಬ್ರೇಕ್ ಒತ್ತಿದರೆ ಮತ್ತೆ ಅದೇ ಎಳೆತ.

ಊರಿಗೆ ವಾಪಸ್ ಬಂದು ಒಂದು ಗ್ಯಾರೇಜಿಗೆ ಬಿಟ್ಟೆವು. "ಕ್ಯಾಲಿಪರ್ ಜಾಮ್" ಎಂದು ಹೇಳಿದರು. ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನು ಎರಡೂ ಕಡೆಯಿಂದ ಪ್ಯಾಡ್‌ನಲ್ಲಿ ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್, ಪ್ಯಾಡ್ ಅನ್ನು ತಳ್ಳುವುದು ಅದರೊಳಗಿನ ಪಿಸ್ಟನ್. ಕ್ಯಾಲಿಪರ್ ಬಿಚ್ಚಿ, ಪಿನ್ನುಗಳಿಗೆ ಗ್ರೀಸ್ ಹಾಕಿ, ಒಳಗಿನ ಸೀಲ್ ಕಿಟ್ ಬದಲಾಯಿಸಿ ಕೊಟ್ಟರು. ಒಂದು ಚಕ್ರ ಹಿಡಿದುಕೊಳ್ಳುತ್ತಿದೆ ಎಂದಾಗ ಹೆಚ್ಚಿನ ಮೆಕ್ಯಾನಿಕ್‌ಗಳು ಮೊದಲು ಅನುಮಾನಪಡುವುದು ಕ್ಯಾಲಿಪರ್ ಮೇಲೆಯೇ, ಅದು ತಪ್ಪೇನಲ್ಲ. ನಮ್ಮ ಮಳೆಯಲ್ಲಿ ಪಿಸ್ಟನ್‌ಗೂ ಪಿನ್‌ಗೂ ತುಕ್ಕು ಹಿಡಿಯುವುದು ಮಾಮೂಲಿ. ಆದರೆ ತೊಂದರೆ ಹಾಗೇ ಉಳಿಯಿತು. ಆಗ ನಾನು ಹೋಸ್ ಕಡೆ ತಿರುಗಿದೆ.

ಹೋಸ್ ಯಾಕೆ ಬೇಕು ಎಂಬುದರಿಂದ ಶುರು ಮಾಡುತ್ತೇನೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಿಂದ (ಆಯಿಲ್ ಅನ್ನು ಒತ್ತಡದಿಂದ ತಳ್ಳುವ ಪಂಪಿನಂಥ ಭಾಗ) ಹೊರಡುವ ಬ್ರೇಕ್ ಆಯಿಲ್ ಬಹುಪಾಲು ದೂರ ಲೋಹದ ಪೈಪ್‌ನಲ್ಲಿ ಹೋಗುತ್ತದೆ. ಆದರೆ ಚಕ್ರ ಒಂದೇ ಕಡೆ ನಿಲ್ಲುವುದಿಲ್ಲ. ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಹೋಗುತ್ತದೆ, ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುತ್ತವೆ. ಅಲ್ಲಿ ಲೋಹದ ಪೈಪ್ ಹಾಕಿದರೆ ಕೆಲವೇ ದಿನಗಳಲ್ಲಿ ಮುರಿದುಹೋಗುತ್ತದೆ. ಹಾಗಾಗಿ ಕೊನೆಯ ಒಂದೆರಡು ಅಡಿ ರಬ್ಬರ್ ಹೋಸ್. ಹೆಬ್ಬೆರಳಿಗಿಂತ ಸಣ್ಣದು. ಒಳಗಿನ ತೂತು ಸುಮಾರು 3 ಎಂಎಂ ಅಷ್ಟೇ. ಒಳಗೊಂದು ರಬ್ಬರ್ ಪದರ, ಅದರ ಮೇಲೆ ಗಟ್ಟಿ ನೂಲಿನ ಹೆಣಿಗೆ, ಅದರ ಮೇಲೆ ಹೊರಗಿನ ರಬ್ಬರ್. ಎರಡೂ ತುದಿಗೆ ಲೋಹದ ಬಾಯಿ ಒತ್ತಿ ಕೂರಿಸಿರುತ್ತಾರೆ.

ಈ ಸಣ್ಣ ಹೋಸ್ ತಡೆಯುವ ಒತ್ತಡ ಎಷ್ಟು ಗೊತ್ತಾ? ಟೈರ್‌ಗೆ ನಾವು ತುಂಬಿಸುವುದು 30 ಪಿಎಸ್‌ಐ ಆಸುಪಾಸು. ಜೋರಾಗಿ ಬ್ರೇಕ್ ಒತ್ತಿದಾಗ ಹೋಸ್ ಒಳಗೆ 1,000 ಪಿಎಸ್‌ಐ ದಾಟುತ್ತದೆ. ಇದನ್ನು ತಿಳಿದ ಮೇಲೆ ಬಿರುಕು ಬಿಟ್ಟ ಹೋಸ್ ನೋಡಿ "ಇನ್ನೊಂದು ವರ್ಷ ಓಡುತ್ತೆ ಬಿಡಿ" ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೋಸ್ ಹಾಳಾದರೆ ಒಡೆದು ಆಯಿಲ್ ಸೋರುತ್ತದೆ ಎಂದು ಎಲ್ಲರಿಗೂ ಗೊತ್ತು. ಒಳಗಿನಿಂದ ಹಾಳಾಗುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹೊರಗಿನ ರಬ್ಬರ್ ನೋಡಲು ಚೆನ್ನಾಗಿಯೇ ಇರುತ್ತದೆ. ಒಳಪದರ ಉಬ್ಬಿ ತೂತು ಕಿರಿದಾಗಿರುತ್ತದೆ, ಇಲ್ಲವೇ ಒಳಗೆ ಒಂದು ಸಣ್ಣ ಸಿಪ್ಪೆ ಎದ್ದು ಬಾಗಿಲಿನ ಹಾಗೆ ಅಡ್ಡ ನಿಂತಿರುತ್ತದೆ. ಪೆಡಲ್ ಒತ್ತಿದಾಗ ಒತ್ತಡ ಜಾಸ್ತಿ, ಆಯಿಲ್ ಆ ಸಿಪ್ಪೆಯನ್ನು ತಳ್ಳಿಕೊಂಡು ಕ್ಯಾಲಿಪರ್‌ಗೆ ನುಗ್ಗುತ್ತದೆ. ಬ್ರೇಕ್ ಹಿಡಿಯುತ್ತದೆ. ಕಾಲು ತೆಗೆದಾಗ ವಾಪಸ್ ತಳ್ಳುವ ಶಕ್ತಿ ಬಹಳ ಕಡಿಮೆ. ಡಿಸ್ಕ್ ಬ್ರೇಕ್‌ನಲ್ಲಿ ಪಿಸ್ಟನ್ ಅನ್ನು ಹಿಂದಕ್ಕೆ ಎಳೆಯುವುದು ಅದರ ಸುತ್ತಲಿನ ರಬ್ಬರ್ ಸೀಲ್‌ನ ಸಣ್ಣ ಸೆಳೆತ ಮಾತ್ರ. ಆಯಿಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ನಿಧಾನಕ್ಕೆ ಆಯಿಲ್ ಇಳಿದಾಗ ಚಕ್ರ ಬಿಡುತ್ತದೆ. ನಮ್ಮ ಕಾರಿನಲ್ಲಿ ಆಗುತ್ತಿದ್ದದ್ದು ಪೂರ್ತಿ ಇದೇ.

ಕ್ಯಾಲಿಪರ್ ತೊಂದರೆಯೋ ಹೋಸ್ ತೊಂದರೆಯೋ ಎಂದು ಬೇರೆ ಮಾಡುವ ಪರೀಕ್ಷೆ ಸುಲಭ. ಇದೊಂದನ್ನು ಗೊತ್ತು ಮಾಡಿಕೊಂಡರೆ ಸುಮ್ಮನೆ ಕ್ಯಾಲಿಪರ್‌ಗೆ ದುಡ್ಡು ಸುರಿಯುವುದು ತಪ್ಪುತ್ತದೆ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಲೇಬಾರದು. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಬ್ಬರು ಪೆಡಲ್ ಜೋರಾಗಿ ಒತ್ತಿ ಬಿಡಲಿ. ಬಿಟ್ಟ ತಕ್ಷಣ ಮತ್ತೆ ತಿರುಗಿಸಿ. ನಮ್ಮ ಎಡಚಕ್ರ ಅಲ್ಲಾಡಲೇ ಇಲ್ಲ. ಬಲಚಕ್ರ ಆರಾಮಾಗಿ ತಿರುಗಿತು.

ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರ್ ಮೇಲಿನ ಬ್ಲೀಡರ್ ನಿಪ್ಪಲ್ ಅನ್ನು, ಅಂದರೆ ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪನ್ನು, ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ, ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ. ಆಯಿಲ್ ಬಂದರೂ ಚಕ್ರ ಬಿಡದಿದ್ದರೆ ಪಿಸ್ಟನ್ನೋ ಪಿನ್ನೋ ಜಾಮ್ ಆಗಿದೆ, ಕ್ಯಾಲಿಪರ್ ಕೆಲಸವೇ. ಒತ್ತಡ ಸಿಕ್ಕಿಕೊಂಡಿದೆ ಎಂದು ಗೊತ್ತಾದ ಮೇಲೆ, ಅದು ಎಲ್ಲಿ ಎಂದು ನೋಡಬೇಕು. ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಟ್ಟು ಚಕ್ರ ಬಿಗಿಯಾಗಲು ಬಿಡಿ. ಈಗ ಹೋಸ್‌ನ ಮೇಲಿನ ತುದಿ, ಅಂದರೆ ಲೋಹದ ಪೈಪ್ ಬಂದು ಸೇರುವ ನಟ್ ಸಡಿಲ ಮಾಡಿ. ಅಲ್ಲಿ ಸಡಿಲ ಮಾಡಿದಾಗಲೇ ಚಕ್ರ ಬಿಟ್ಟರೆ ತೊಂದರೆ ಇನ್ನೂ ಮೇಲೆ, ಮಾಸ್ಟರ್ ಸಿಲಿಂಡರ್ ಕಡೆ ಇದೆ. ಅಲ್ಲಿ ಸಡಿಲ ಮಾಡಿದರೂ ಚಕ್ರ ಬಿಡದೆ, ಕೆಳಗೆ ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ, ಅಡ್ಡಿ ಇರುವುದು ನಡುವಿನ ಹೋಸ್‌ನಲ್ಲೇ. ನಮ್ಮದು ಹಾಗೇ ಆಯಿತು. ಹೊರಗಿನಿಂದ ಆ ಹೋಸ್‌ನಲ್ಲಿ ಒಂದು ಬಿರುಕೂ ಕಾಣುತ್ತಿರಲಿಲ್ಲ.

ಕಾರು ಯಾವ ಕಡೆ ಎಳೆಯುತ್ತದೆ ಎಂಬುದರಲ್ಲೂ ಸುಳಿವಿದೆ. ಬ್ರೇಕ್ ಬಿಟ್ಟ ಮೇಲೂ ಒಂದು ಕಡೆ ಎಳೆದರೆ ಆ ಕಡೆಯ ಹೋಸ್ ಆಯಿಲ್ ಅನ್ನು ವಾಪಸ್ ಬಿಡುತ್ತಿಲ್ಲದೇ ಇರಬಹುದು. ಬ್ರೇಕ್ ಒತ್ತುವಾಗಲೇ ಒಂದು ಕಡೆ ಎಳೆದರೆ, ಎದುರು ಕಡೆಯ ಚಕ್ರಕ್ಕೆ ಆಯಿಲ್ ಸರಿಯಾಗಿ ಹೋಗುತ್ತಿಲ್ಲದೇ ಇರಬಹುದು. ಇದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಟೈರ್‌ನ ಗಾಳಿಯಿಂದ ಹಿಡಿದು. ಆದರೆ ಪಟ್ಟಿಯಲ್ಲಿ ಹೋಸ್ ಇರಲೇಬೇಕು.

ಇನ್ನು ಹೊರಗಿನಿಂದ ನೋಡುವ ಕೆಲಸ. ಟೈರ್ ಬಿಚ್ಚಿದಾಗಲೆಲ್ಲ ಒಂದು ಟಾರ್ಚ್ ಹಿಡಿದು ನೋಡಿ. ಹೋಸ್ ಅನ್ನು ಮೆಲ್ಲಗೆ ಬಗ್ಗಿಸಿ. ನೇರವಾಗಿದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಲೋಹದ ತುದಿಯ ಪಕ್ಕದ ಒಂದಿಂಚು ಜಾಗ ಗಮನಿಸಿ, ಹೆಚ್ಚು ಬಾಗುವುದು ಅಲ್ಲೇ. ಬಿರುಕಿನ ಒಳಗೆ ನೂಲು ಕಂಡರೆ ಯೋಚನೆ ಮಾಡುವಂಥದ್ದು ಏನೂ ಇಲ್ಲ, ಬದಲಾಯಿಸಲೇಬೇಕು. ಕೀಲಿನ ಹತ್ತಿರ ಒದ್ದೆ ಇದ್ದರೆ ಬಿಳಿ ಕಾಗದದಿಂದ ಒರೆಸಿ. ಮಳೆನೀರಾದರೆ ಒಣಗುತ್ತದೆ, ಬ್ರೇಕ್ ಆಯಿಲ್ ಆದರೆ ಬೆರಳಿಗೆ ಜಾರುತ್ತದೆ. ಇನ್ನೊಬ್ಬರು ಪೆಡಲ್ ಒತ್ತಿ ಹಿಡಿದಾಗ ಹೋಸ್‌ನಲ್ಲಿ ಎಲ್ಲಾದರೂ ಗುಳ್ಳೆಯ ಹಾಗೆ ಉಬ್ಬಿತೇ ನೋಡಿ. ಉಬ್ಬಿದರೆ ಒಳಪದರ ಒಡೆದು ಆಯಿಲ್ ಹೊರಪದರದವರೆಗೆ ಬಂದಿದೆ. ಆ ಕಾರನ್ನು ಅಲ್ಲಿಂದ ಓಡಿಸಬಾರದು. ಸ್ಟಿಯರಿಂಗ್ ಅನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಹೋಸ್ ಎಲ್ಲಾದರೂ ಟೈರ್‌ಗೋ ಸ್ಟ್ರಟ್‌ಗೋ (ಶಾಕ್ ಅಬ್ಸಾರ್ಬರ್ ಇರುವ ಕಂಬ) ತಾಗುತ್ತದೆಯೇ ನೋಡಿ. ತಾಗಿದ ಕಡೆ ರಬ್ಬರ್ ಹೊಳೆಯುತ್ತಿರುತ್ತದೆ. ಹೋಸ್ ಅನ್ನು ಹಿಡಿದಿಡುವ ಬ್ರಾಕೆಟ್‌ನಲ್ಲಿ ಕೂರುವ ಲೋಹದ ತುದಿಗೆ ತುಕ್ಕು ಹಿಡಿದಿದೆಯೇ ಎಂಬುದೂ ಮುಖ್ಯ. ತುಕ್ಕು ಉಬ್ಬಿ ರಬ್ಬರನ್ನು ಹಿಸುಕುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ, ನಮ್ಮ ಮಲೆನಾಡಿನ ಥಂಡಿಯಲ್ಲಿ ಇದು ಆಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು, ಕೆಸರು ಎಲ್ಲ ಮೊದಲು ಹಾರುವುದು ಚಕ್ರದ ಒಳಬದಿಗೆ.

ಈಗ ನನಗೆ ಬಹಳ ಬೇಜಾರಾಗುವ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಆಯಿಲ್ ಹೊಡೆಸುವುದು. ನಮ್ಮ ಕಡೆ ಸರ್ವಿಸ್ ಸ್ಟೇಷನ್‌ಗಳಲ್ಲಿ ವಾಟರ್ ವಾಶ್ ಆದ ಮೇಲೆ ಹಳೆ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಗನ್‌ನಲ್ಲಿ ಅಡಿಯಿಡೀ ಹೊಡೆಯುತ್ತಾರೆ. ತುಕ್ಕು ಹಿಡಿಯಬಾರದು ಎಂಬ ಉದ್ದೇಶ ಒಳ್ಳೆಯದೇ. ತಗಡಿಗೆ ಅದು ಒಳ್ಳೆಯದೂ ಹೌದು. ಆದರೆ ಬ್ರೇಕ್ ಹೋಸ್‌ನ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಜಾತಿಯದು. ಅದು ಬ್ರೇಕ್ ಆಯಿಲ್‌ಗೆ, ಬಿಸಿಲಿಗೆ, ನೀರಿಗೆ ಚೆನ್ನಾಗಿ ತಡೆಯುತ್ತದೆ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ. ಬೆರಳಿಟ್ಟು ಒತ್ತಿದರೆ ಅಂಟಂಟು ಅನಿಸುವ ಹೋಸ್ ನೋಡಿದರೆ ಅದಕ್ಕೆ ಇಂಥ ಆಯಿಲ್ ತಾಗಿದೆ ಎಂದುಕೊಳ್ಳಬಹುದು. ವರ್ಷವರ್ಷವೂ ಹೊಡೆಸಿದ ಆಯಿಲ್ ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನೂ ಬಿಡುವುದಿಲ್ಲ.

ತುಕ್ಕಿಗೆ ಏನಾದರೂ ಮಾಡಲೇಬೇಕೆಂದರೆ ಸರಿಯಾದ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. ಆಗಲೂ ಹೋಸ್, ಡಿಸ್ಕ್, ಬುಷ್‌ಗಳ ಮೇಲೆ ಕಾಗದ ಸುತ್ತಿ ಮುಚ್ಚಿ ಎಂದು ಪಕ್ಕದಲ್ಲೇ ನಿಂತು ಹೇಳಿ. ಅಪ್ಪಯ್ಯನಿಗೆ ಈ ಆಯಿಲ್ ಹೊಡೆಸುವ ಅಭ್ಯಾಸ ಮೊದಲಿನಿಂದ ಇತ್ತು. ಜೀಪಿನ ಕಾಲದಿಂದ ಬಂದದ್ದು. "ಎಲ್ಲರೂ ಹೊಡೆಸ್ತಾರಲ್ಲ" ಅಂದರು. ಬಿಚ್ಚಿದ ಹೋಸ್ ಅನ್ನು ಕೈಗೆ ಕೊಟ್ಟು ಹೊಸದರ ಜೊತೆ ಹಿಡಿದು ನೋಡಿ ಅಂದೆ. ನೋಡಿದರು, ಒತ್ತಿದರು. ಅಲ್ಲಿಂದ ಆಯಿಲ್ ಹೊಡೆಸುವುದು ನಿಂತಿದೆ.

ಇನ್ನೊಂದು ತಪ್ಪು ಪ್ಯಾಡ್ ಬದಲಾಯಿಸುವಾಗ ಆಗುತ್ತದೆ. ಕ್ಯಾಲಿಪರ್ ಬಿಚ್ಚಿ, ಅದನ್ನು ಹೋಸ್‌ನಲ್ಲೇ ನೇತಾಡಲು ಬಿಡುತ್ತಾರೆ. ಕ್ಯಾಲಿಪರ್ ಕೆಲವು ಕಿಲೋ ತೂಗುತ್ತದೆ. ಆ ಜಗ್ಗಾಟಕ್ಕೆ ಒಳಪದರ ಹರಿಯುತ್ತದೆ. ಒಂದು ತುಂಡು ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ ನಿಲ್ಲಿಸಿದರೆ ಆಯಿತು. ಆಯಿಲ್ ನಿಲ್ಲಿಸಲು ಹೋಸ್ ಅನ್ನು ಇಕ್ಕಳದಲ್ಲಿ ಹಿಸುಕಿ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಹೊರಗೆ ಗುರುತೂ ಉಳಿಯುವುದಿಲ್ಲ, ಒಳಗೆ ಮುರಿದಿರುತ್ತದೆ.

ಹೋಸ್ ಕೊಳ್ಳುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಕೊಳ್ಳಿ. ಎರಡಕ್ಕೂ ಒಂದೇ ವಯಸ್ಸು ಅಲ್ವಾ. ನಾನು ಹಿಂದಿನವನ್ನೂ ಸೇರಿಸಿ ಎಲ್ಲವನ್ನೂ ತಂದೆ. ಎಲ್ಲ ಸೇರಿದರೂ ಒಂದು ಒಳ್ಳೆಯ ಟೈರ್‌ನ ಬೆಲೆ ಆಗಲಿಲ್ಲ. ಕಂಪನಿಯ ಅಸಲಿ ಭಾಗವನ್ನೇ ತೆಗೆದುಕೊಳ್ಳಿ, ಇಲ್ಲವೇ ಬ್ರೇಕ್ ಭಾಗಗಳನ್ನೇ ಮಾಡುವ ಹೆಸರಾಂತ ಕಂಪನಿಯದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಕಾರಿನ ಹೋಸ್ ಬೇಕಾದರೂ ಸಿಗುತ್ತದೆ. ಆದರೆ ಹೆಸರಿಲ್ಲದ ಪೊಟ್ಟಣದ ಹೋಸ್ ಮಾತ್ರ ಬೇಡವೇ ಬೇಡ. ನಮ್ಮಲ್ಲಿ ಬ್ರೇಕ್ ಹೋಸ್‌ಗೆ ಐಎಸ್ 7079 ಎಂಬ ಮಾನದಂಡ ಇದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ನಿಯಮದ ಪ್ರಕಾರ, ಇಷ್ಟು ಸಣ್ಣ ತೂತಿನ ಹೋಸ್ 4,000 ಪಿಎಸ್‌ಐ ಒತ್ತಡವನ್ನು 2 ನಿಮಿಷ ತಡೆಯಬೇಕು, 7,000 ಪಿಎಸ್‌ಐಗಿಂತ ಕೆಳಗೆ ಒಡೆಯಬಾರದು. ಅದನ್ನು ಯಂತ್ರಕ್ಕೆ ಹಾಕಿ 35 ಗಂಟೆ ಬಿಡದೆ ಬಳುಕಿಸಿಯೂ ಪರೀಕ್ಷೆ ಮಾಡುತ್ತಾರೆ. ಇಷ್ಟೆಲ್ಲ ಪರೀಕ್ಷೆ ಇರುವ ವಸ್ತುವಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬಾರದು. ಹೋಸ್ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿದ್ದರೆ ಓದಿ. ಅಂಗಡಿಯ ಅಟ್ಟದಲ್ಲಿ ಎಷ್ಟೋ ವರ್ಷ ಮಲಗಿದ್ದ ಹೋಸ್ ಹೊಸದಲ್ಲ.

ಸ್ಟೀಲ್ ಹೆಣಿಗೆಯ ಹೋಸ್ ಹಾಕಲೇ ಎಂದು ಕೇಳುವವರಿದ್ದಾರೆ. ಪೆಡಲ್ ಗಟ್ಟಿ ಅನಿಸುತ್ತದೆ, ನಿಜ. ಮನೆ ಕಾರಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಒಳಗೆ ಏನಾಗಿದೆ ಎಂದು ಹೊರಗಿನಿಂದ ನೋಡುವುದು ಅದರಲ್ಲಿ ಇನ್ನೂ ಕಷ್ಟ.

ಬದಲಾಯಿಸುವ ಕೆಲಸ ಎಲ್ಲರೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುವುದಿಲ್ಲ. ಮೊದಲ ಸಲ ಕಲಿತವರ ಪಕ್ಕದಲ್ಲಿ ನಿಂತು ನೋಡಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ವರ್ಕ್‌ಶಾಪ್‌ಗೇ ಬಿಡುವುದು ಒಳ್ಳೆಯದು. ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು. ನಮ್ಮದರಲ್ಲಿ ಎಬಿಎಸ್ ಇಲ್ಲ.

ಇಡೀ ಕೆಲಸದಲ್ಲಿ ಕಷ್ಟದ್ದು ಒಂದೇ: ಲೋಹದ ಪೈಪ್ ಹೋಸ್‌ಗೆ ಸೇರುವ ಆ ಸಣ್ಣ ನಟ್. ವರ್ಷಗಟ್ಟಲೆ ಕೆಸರು ತಿಂದು ಕೂತಿರುತ್ತದೆ. ನಮ್ಮದರಲ್ಲಿ ಅದು 10 ಎಂಎಂ. ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ನಟ್ ಗುಂಡಗಾಗುತ್ತದೆ. ಆಮೇಲೆ ಲೋಹದ ಪೈಪ್ ಕೂಡ ಬದಲಾಯಿಸಬೇಕಾಗುತ್ತದೆ. ಇದಕ್ಕೆಂದೇ ಫ್ಲೇರ್ ನಟ್ ಸ್ಪ್ಯಾನರ್ ಸಿಗುತ್ತದೆ. ರಿಂಗ್ ಸ್ಪ್ಯಾನರ್‌ನ ಒಂದು ಬದಿ ಪೈಪ್ ತೂರುವಷ್ಟು ತೆರೆದಿರುತ್ತದೆ, ನಟ್‌ನ ಸುತ್ತಲೂ ಹಿಡಿಯುತ್ತದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಿಂದಿನ ರಾತ್ರಿಯೇ ತಂತಿ ಬ್ರಷ್‌ನಿಂದ ಉಜ್ಜಿ, ನಟ್‌ಗೆ ಮಾತ್ರ ಡಬ್ಲ್ಯೂಡಿ-40 ಹಾಕಿ ಬಿಟ್ಟಿದ್ದೆ. ಬೆಳಿಗ್ಗೆ ಹೋಸ್‌ನ ತುದಿಯನ್ನು ಒಂದು ಸ್ಪ್ಯಾನರ್‌ನಲ್ಲಿ ಅಲ್ಲಾಡದ ಹಾಗೆ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಿದೆ. ಒಮ್ಮೆಲೇ ಜಗ್ಗಬಾರದು. ಸ್ವಲ್ಪ ಸಡಿಲ, ಮತ್ತೆ ಸ್ವಲ್ಪ ಬಿಗಿ, ಮತ್ತೆ ಸಡಿಲ. ನಟ್ ಜೊತೆ ಲೋಹದ ಪೈಪ್ ಕೂಡ ತಿರುಚಿಕೊಳ್ಳುತ್ತಿದೆಯೇ ಎಂದು ಕಣ್ಣಿಡಬೇಕು.

ನಟ್ ಬಿಟ್ಟುಕೊಂಡ ಮೇಲೆ ಪೈಪ್‌ನ ಬಾಯಿಗೆ ರಬ್ಬರ್ ಟೋಪಿ ಹಾಕಿದೆ. ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಲ್ಲಿ ಆಯಿಲ್ ಪೂರ್ತಿ ಖಾಲಿ ಆಗಲು ಬಿಡಬಾರದು. ಖಾಲಿಯಾದರೆ ಮಾಸ್ಟರ್ ಸಿಲಿಂಡರ್ ಒಳಗೇ ಗಾಳಿ ಸೇರಿ ಕೆಲಸ ಎರಡು ಪಟ್ಟಾಗುತ್ತದೆ. ಬ್ರಾಕೆಟ್‌ನ ಕ್ಲಿಪ್ ಅನ್ನು ಇಕ್ಕಳದಿಂದ ಎಳೆದು, ಕೆಳಗೆ ಹೋಸ್ ಅನ್ನು ಕ್ಯಾಲಿಪರ್‌ಗೆ ಸೇರಿಸುವ ಬ್ಯಾಂಜೊ ಬೋಲ್ಟ್ ಬಿಚ್ಚಿದರೆ ಹಳೆ ಹೋಸ್ ಕೈಗೆ ಬರುತ್ತದೆ. ಬ್ರೇಕ್ ಆಯಿಲ್ ಕಾರಿನ ಪೇಂಟ್ ತಿನ್ನುತ್ತದೆ. ಬಿದ್ದ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಹೊಸ ಹೋಸ್ ಮೊದಲು ಕೂರುವುದು ಕ್ಯಾಲಿಪರ್ ಕಡೆ. ಬ್ಯಾಂಜೊ ಬೋಲ್ಟ್‌ನ ಎರಡೂ ಬದಿಗೆ ತಾಮ್ರದ ವಾಷರ್ ಇರುತ್ತದೆ. ಅವೆರಡೂ ಹೊಸದೇ ಆಗಬೇಕು. ತಾಮ್ರ ಒಂದು ಸಲ ಅಮುಕಿಕೊಂಡು ಕೂತರೆ ಮುಗಿಯಿತು, ಎರಡನೇ ಸಲ ಸರಿಯಾಗಿ ಮುಚ್ಚುತ್ತದೆ ಎಂಬ ಭರವಸೆ ಇಲ್ಲ. ಈ ಬೋಲ್ಟ್ ಒಳಗೆ ಟೊಳ್ಳು, ಶಕ್ತಿ ಹಾಕಿ ಬಿಗಿದರೆ ತುಂಡಾಗುತ್ತದೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಮೇಲಿನ ನಟ್ ಅನ್ನು ಮೊದಲ ಕೆಲವು ಸುತ್ತು ಬರೀ ಬೆರಳಲ್ಲಿ ತಿರುಗಿಸಬೇಕು. ಬೆರಳಿಗೆ ಬರದಿದ್ದರೆ ಥ್ರೆಡ್ ಓರೆಯಾಗಿ ಕೂರುತ್ತಿದೆ, ತೆಗೆದು ಮತ್ತೆ ಇಡಿ. ಒಳ್ಳೆಯ ಹೋಸ್ ಮೇಲೆ ಉದ್ದಕ್ಕೂ ಒಂದು ಗೆರೆ ಇರುತ್ತದೆ. ಗೆರೆ ನೇರವಾಗಿದ್ದರೆ ಹೋಸ್ ತಿರುಚಿಲ್ಲ. ಅದು ಸುತ್ತಿಕೊಂಡು ಹೋಗಿದ್ದರೆ ಬಿಚ್ಚಿ ಸರಿ ಮಾಡಬೇಕು. ಎಲ್ಲ ಬಿಗಿದ ಮೇಲೆ ಸ್ಟಿಯರಿಂಗ್ ಅನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿದೆ. ಚಕ್ರ ಗಾಳಿಯಲ್ಲಿ ತೂಗುತ್ತಿದ್ದಾಗಲೂ, ನೆಲಕ್ಕೆ ಇಳಿಸಿದ ಮೇಲೂ.

ಇನ್ನು ಏರ್ ತೆಗೆಯುವುದು, ಅಂದರೆ ಪೈಪ್‌ಗಳ ಒಳಗೆ ಸೇರಿದ ಗಾಳಿಯನ್ನು ಹೊರಹಾಕುವುದು. ಇದಕ್ಕೆ ಇಬ್ಬರು ಬೇಕು. ಅಪ್ಪಯ್ಯನಿಗೆ ಮಂಡಿನೋವು. ಅಮ್ಮ ಡ್ರೈವರ್ ಸೀಟಿನಲ್ಲಿ ಕೂತರು. ಅಮ್ಮ ಕಾರು ಓಡಿಸುವವರಲ್ಲ. ಆದರೆ ಈ ಕೆಲಸಕ್ಕೆ ಬೇಕಾದದ್ದು ಡ್ರೈವಿಂಗ್ ಅಲ್ಲ, ಹೇಳಿದಾಗ ಒತ್ತಿ, ಬಿಡು ಎನ್ನುವವರೆಗೆ ಬಿಡದೇ ಇರುವುದು. ಅದರಲ್ಲಿ ಅಮ್ಮನಷ್ಟು ಅಚ್ಚುಕಟ್ಟು ಯಾರೂ ಇಲ್ಲ.

"ಮೂರು ಸಲ ಒತ್ತಿ ಬಿಡಮ್ಮಾ. ಈಗ ಒತ್ತಿ ಹಿಡ್ಕೋ."

"ಹಿಡ್ಕೊಂಡೆ."

ನಾನು ನಿಪ್ಪಲ್ ಸಡಿಲ ಮಾಡುತ್ತೇನೆ. ನಿಪ್ಪಲ್‌ಗೆ ಹಾಕಿದ ಪಾರದರ್ಶಕ ಟ್ಯೂಬ್‌ನ ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರುತ್ತದೆ. ಗುಳ್ಳೆಗಳು ಬರುತ್ತವೆ. "ಕೆಳಗೆ ಹೋಗ್ತಾ ಇದೆ" ಎನ್ನುತ್ತಾರೆ ಅಮ್ಮ. "ಹೋಗ್ಲಿ, ಬಿಡ್ಬೇಡ." ನಿಪ್ಪಲ್ ಮುಚ್ಚುತ್ತೇನೆ. "ಈಗ ಬಿಡು." ನಿಪ್ಪಲ್ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಅದೊಂದೇ ಎಚ್ಚರ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಹಳೆ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನಾ ಓಡಾಡುವುದು ಸ್ವಲ್ಪ ಜಾಗದಲ್ಲಿ ಮಾತ್ರ. ಅದರ ಮುಂದಿನ ಭಾಗದಲ್ಲಿ ಕೊಳೆ, ತುಕ್ಕು ಇರುತ್ತದೆ. ಪೆಡಲ್ ಅನ್ನು ನೆಲಕ್ಕೆ ತಾಗುವವರೆಗೂ ತುಳಿದರೆ ಸೀಲ್ ಅಲ್ಲಿಗೆ ಹೋಗಿ ಹರಿಯಬಹುದು. ಬ್ರೇಕ್ ಕೆಲಸ ಮಾಡಿಸಿದ ಸ್ವಲ್ಪ ದಿನಕ್ಕೇ ಮಾಸ್ಟರ್ ಸಿಲಿಂಡರ್ ಹೋಯಿತು ಎಂದು ಜನ ಹೇಳುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡುತ್ತಾರೆ. ನಮ್ಮ ಕಾರಿನಲ್ಲಿ ಅದು ಬಲಗಡೆ ಇರುವುದರಿಂದ ಮೊದಲು ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ನಡುನಡುವೆ ಡಬ್ಬಿಗೆ ಆಯಿಲ್ ತುಂಬಿಸುತ್ತಲೇ ಇರಬೇಕು. ಹಿಂದಿನ ಎಡಚಕ್ರದಿಂದ ಮೊದಲು ಬಂದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣದ್ದು. ಪೂರ್ತಿ ತಿಳಿ ಹಳದಿ ಬರುವವರೆಗೂ ಬಿಡಲಿಲ್ಲ.

ಈ ಆಯಿಲ್‌ನ ವಿಷಯವೂ ವಯಸ್ಸಿನದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ರಬ್ಬರ್ ಹೋಸ್‌ನ ಮೂಲಕವೂ ನಿಧಾನಕ್ಕೆ ತೇವ ಒಳಗೆ ಸೇರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಘಾಟಿಯಲ್ಲಿ ಹಿಡಿದುಕೊಂಡೇ ಇರುವ ಚಕ್ರ, ಅದರೊಳಗೆ ನೀರು ಹೀರಿದ ಹಳೆ ಆಯಿಲ್. ಆಯಿಲ್ ಕುದಿದು ಆವಿಯಾದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಎಡಚಕ್ರದ ಬಿಸಿ ನೆನೆದರೆ ಈಗಲೂ ಭಯವಾಗುತ್ತದೆ. ಬಹಳಷ್ಟು ಕಾರುಗಳ ಮ್ಯಾನ್ಯುಯಲ್‌ನಲ್ಲಿ 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಎಂದಿರುತ್ತದೆ. ಕಡಿಮೆ ಓಡಿದೆ ಎಂದು ಅದನ್ನು ಮುಂದೂಡಬೇಡಿ. ಹೋಸ್‌ಗೆ ನನ್ನ ಲೆಕ್ಕ 10 ವರ್ಷ, ಚೆನ್ನಾಗಿ ಕಂಡರೂ ಸರಿ.

ಎಲ್ಲ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಅಮ್ಮನಿಗೆ ಪೆಡಲ್ ಜೋರಾಗಿ ಒತ್ತಿ ಹಿಡಿಯಲು ಹೇಳಿ, ಒಂದೊಂದೇ ಕೀಲನ್ನು ಕಾಗದದಿಂದ ಒರೆಸಿ ನೋಡಿದೆ. ಒಣಗಿತ್ತು. ಪೆಡಲ್ ಮೇಲೆಯೇ, ಗಟ್ಟಿಯಾಗಿ ನಿಂತಿತು. ಪೆಡಲ್ ಮೆತ್ತಗಿದ್ದರೆ ಇನ್ನೂ ಗಾಳಿ ಇದೆ, ಮತ್ತೆ ಏರ್ ತೆಗೆಯಬೇಕು. ಮೊದಲು ಅಂಗಳದಲ್ಲಿ, ಆಮೇಲೆ ಶಾಲೆಯ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ ನಿಲ್ಲಿಸಿ ನೋಡಿದೆ. ರಸ್ತೆಗೆ ಹೋದದ್ದು ಆಮೇಲೆ. ಒಂದಷ್ಟು ದೂರ ಹೋಗಿ ಬಂದು ಮುಂದಿನ ಎರಡೂ ಚಕ್ರಗಳ ಹತ್ತಿರ ಹಿಂಗೈ ಹಿಡಿದೆ. ಎರಡೂ ಕಡೆ ಒಂದೇ ಬಿಸಿ.

ಹಳೆಯ ಎಡಗಡೆ ಹೋಸ್ ಅನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಬ್ರಾಕೆಟ್‌ನ ಲೋಹದ ತುದಿಯಿಂದ ಸ್ವಲ್ಪ ಕೆಳಗೆ ಒಳಪದರ ಊದಿಕೊಂಡು, ತೂತು ಸೂಜಿಮೊನೆಯಷ್ಟಾಗಿತ್ತು. ಪಕ್ಕದಲ್ಲೇ ರಬ್ಬರ್‌ನ ಒಂದು ಎಳೆ ಎದ್ದಿತ್ತು. ಬಲಗಡೆಯದನ್ನೂ ಸೀಳಿದೆ. ಅದರಲ್ಲಿ ಅಡ್ಡಿ ಇರಲಿಲ್ಲ, ಆದರೆ ಒಳಗಿನ ರಬ್ಬರ್ ಗಡುಸಾಗಿ, ಬಗ್ಗಿಸಿದರೆ ಸಣ್ಣ ಗೆರೆಗಳು ಏಳುತ್ತಿದ್ದವು. ಆ ಗ್ಯಾರೇಜಿನವರಿಗೆ ಎರಡೂ ತುಂಡು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಎಡಗಡೆಯ ತುಂಡನ್ನು ಇಟ್ಟುಕೊಳ್ಳಲೇ ಎಂದು ಕೇಳಿದರು. ಹುಡುಗರಿಗೆ ತೋರಿಸುತ್ತೇನೆ ಅಂದರು. ಕೊಟ್ಟು ಬಂದೆ.

ಒಂದು ವಾರದ ಮೇಲೆ ಎಲ್ಲ ಕೀಲುಗಳನ್ನೂ ಮತ್ತೊಮ್ಮೆ ಒರೆಸಿ ನೋಡಿ, ಡಬ್ಬಿಯ ಆಯಿಲ್ ಮಟ್ಟ ಇಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ತೆಗೆದ ಹಳೆ ಆಯಿಲ್ ಅನ್ನು ತೋಟದ ಕಾಲುವೆಗೋ ಗಿಡದ ಬುಡಕ್ಕೋ ಚೆಲ್ಲಬೇಡಿ. ಬಾಟಲಿಯಲ್ಲಿ ಮುಚ್ಚಿ, ಏನೆಂದು ಬರೆದು ಅಂಟಿಸಿ, ಹಳೆ ಆಯಿಲ್ ವಿಲೇವಾರಿ ಮಾಡುವ ವರ್ಕ್‌ಶಾಪಿಗೆ ಕೊಡಿ. ಅದು ವಿಷ, ನಾಯಿ ಬೆಕ್ಕು ನೆಕ್ಕುವ ಕಡೆ ಇಡಲೇಬಾರದು. ಹೋಸ್ ಹಾಕಿದ ತಿಂಗಳು, ವರ್ಷವನ್ನು ಬಿಳಿ ಪೇಂಟ್ ಪೆನ್ನಿನಲ್ಲಿ ಬಾನೆಟ್‌ನ ಒಳಬದಿಗೆ ಬರೆದಿಟ್ಟಿದ್ದೇನೆ. ಮುಂದೆ ಯಾರು ಬಾನೆಟ್ ಎತ್ತಿದರೂ ಕಾಣುವ ಹಾಗೆ.